ಜೆನೆಟಿಕ್ಸ್ ಲೆಕ್ಕ ಮಾಡೋದು ಹೇಗೆ: ಮೊದಲು ಗ್ಯಾಮೀಟ್ ಬರೀರಿ, ಮಿಕ್ಕಿದ್ದೆಲ್ಲ ಆಮೇಲೆ

ಸೆಕೆಂಡ್ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಬಯಾಲಜಿ ಹೇಳ್ಕೊಡ್ತಾ ಇದೀನಿ, ಅದ್ರಲ್ಲಿ ನಾನು ಕಂಡ್ಕೊಂಡಿದ್ದು ಏನಂದ್ರೆ ಜೆನೆಟಿಕ್ಸ್ ಪ್ರಶ್ನೆಗಳಲ್ಲಿ ಮಾರ್ಕ್ಸ್ ಹೋಗೋದು ಲೆಕ್ಕ ಬರದೇ ಇರೋದಕ್ಕಲ್ಲ. ಭಿನ್ನರಾಶಿ ಗುಣಿಸೋದು ಎಲ್ರಿಗೂ ಬರುತ್ತೆ. ಪ್ರಶ್ನೆ ಅರ್ಧ ಓದಿರ್ತಾರೆ, ಅಷ್ಟರಲ್ಲೇ ಸ್ಕೇಲ್ ತಗೊಂಡು ಚೌಕಾಬಾರದ ಮನೆ ಹಾಕಿದ ಹಾಗೆ ಹದಿನಾರು ಮನೆ ಗೆರೆ ಎಳೆಯೋಕೆ ಶುರು, ಆ ಮನೆಗಳನ್ನ ತುಂಬೋ ಹೊತ್ತಿಗೆ ಐದಾರು ನಿಮಿಷ ಹೋಗಿರುತ್ತೆ, ಕೊನೆಗೆ ನೋಡಿದ್ರೆ ಮೇಲ್ಗಡೆ ಸಾಲಲ್ಲಿ ಬರೆದ ಗ್ಯಾಮೀಟೇ (ಅಂಡಾಣು, ವೀರ್ಯಾಣುವಿನಂಥ ಸಂತಾನ ಕೋಶ) ತಪ್ಪು. ಬುನಾದಿನೇ ಸೊಟ್ಟ ಆದ್ಮೇಲೆ ಮನೆ ನೆಟ್ಟಗೆ ನಿಲ್ಲುತ್ತಾ?

ಅದಕ್ಕೆ ನಾನು ಎಲ್ಲಾ ಲೆಕ್ಕಕ್ಕೂ ಒಂದೇ ದಾರಿ ಹೇಳ್ಕೊಡ್ತೀನಿ. ಅಪ್ಪ ಅಮ್ಮ ಮಗು ಲೆಕ್ಕ ಇರಲಿ, ಒಂದು ಊರಿನ ಜನರ ಹಾರ್ಡಿ-ವೈನ್‌ಬರ್ಗ್ ಲೆಕ್ಕ ಇರಲಿ, ಲಿಂಕೇಜ್ (ಒಂದೇ ಕ್ರೋಮೋಸೋಮ್ ಮೇಲೆ ಹತ್ತಿರ ಇರೋ ಜೀನುಗಳ ಲೆಕ್ಕ) ಇರಲಿ, ಕೇಳ್ತಿರೋದು ಒಂದೇ ವಿಷಯ: ಯಾವ್ಯಾವ ಗ್ಯಾಮೀಟ್ ಬರುತ್ತೆ, ಎಷ್ಟೆಷ್ಟು ಪಾಲು ಬರುತ್ತೆ. ಈ ಎರಡು ಗೊತ್ತಾದ್ರೆ ಅಮ್ಮನ ಪಾಲು ಗುಣಿಸು ಅಪ್ಪನ ಪಾಲು, ಮುಗೀತು. ಮೂರೂ ಅಧ್ಯಾಯಕ್ಕೆ ಇರೋ ವ್ಯತ್ಯಾಸ ಪಾಲು ಎಲ್ಲಿಂದ ಸಿಗುತ್ತೆ ಅನ್ನೋದ್ರಲ್ಲಿ ಮಾತ್ರ. ಸಾಧಾರಣ ಕ್ರಾಸ್‌ನಲ್ಲಿ ಪಾಲು ಅರ್ಧ-ಅರ್ಧ, ಜನಸಂಖ್ಯೆಯಲ್ಲಿ ಎಣಿಸಿ ತಿಳ್ಕೋಬೇಕು, ಲಿಂಕೇಜ್‌ನಲ್ಲಿ ಪಾಲು ಸಮ ಇರಲ್ಲ.

ಬರವಣಿಗೆ ಸರಿ ಮಾಡ್ಕೊಳ್ಳಿ

ಇಂಗ್ಲಿಷ್‌ನಲ್ಲಿ ಪ್ರಬಲ ಅಲೀಲ್‌ಗೆ ದೊಡ್ಡ ಅಕ್ಷರ, ದುರ್ಬಲಕ್ಕೆ ಚಿಕ್ಕ ಅಕ್ಷರ ಹಾಕ್ತಾರೆ (ಅಲೀಲ್ ಅಂದ್ರೆ ಒಂದೇ ಜೀನಿನ ಬೇರೆ ಬೇರೆ ರೂಪ, ಎರಡೂ ಇದ್ದಾಗ ಕಾಣೋದು ಪ್ರಬಲದ್ದು), ಕೈಬರಹದಲ್ಲಿ ಸಿ, ಎಸ್, ಪಿ ಈ ಅಕ್ಷರಗಳು ದೊಡ್ಡದು ಯಾವುದು ಚಿಕ್ಕದು ಯಾವುದು ಅಂತ ಬರೆದವರಿಗೇ ಎರಡು ನಿಮಿಷ ಆದ್ಮೇಲೆ ಗೊತ್ತಾಗಲ್ಲ. ಕನ್ನಡದಲ್ಲಿ ಆ ಥರ ಎರಡು ಅಳತೆ ಇಲ್ಲ, ಆದ್ರೆ ಅದಕ್ಕಿಂತ ಚೆನ್ನಾಗಿರೋದು ಇದೆ. ದೀರ್ಘ, ಹ್ರಸ್ವ. ಪ್ರಬಲಕ್ಕೆ ದೀರ್ಘ, ದುರ್ಬಲಕ್ಕೆ ಹ್ರಸ್ವ ಅಂತ ಇಟ್ಕೊಳ್ಳೋಣ. ಬಟಾಣಿ ಕಾಳು ಗುಂಡಗಿದ್ರೆ ಗಾ, ಸುಕ್ಕಾಗಿದ್ರೆ ಗ. ಕಾಳು ಹಳದಿ ಆದ್ರೆ ಹಾ, ಹಸಿರಾದ್ರೆ ಹ. ಪರೀಕ್ಷೆಯಲ್ಲಿ ಇಂಗ್ಲಿಷ್ ಅಕ್ಷರನೇ ಬಳಸಬೇಕಾದ್ರೆ ದೊಡ್ಡದಕ್ಕೂ ಚಿಕ್ಕದಕ್ಕೂ ಆಕಾರ ಬೇರೆ ಇರೋ ಅಕ್ಷರ ಆರಿಸ್ಕೊಳ್ಳಿ.

ಇನ್ನು ಗ್ಯಾಮೀಟ್ ಬರೆಯೋ ನಿಯಮ. ಗಿಡದಲ್ಲಿ ಪ್ರತಿ ಜೀನಿಗೂ ಎರಡಕ್ಷರ, ಗ್ಯಾಮೀಟಲ್ಲಿ ಪ್ರತಿ ಜೀನಿಗೂ ಒಂದೇ ಅಕ್ಷರ. ಗಾಗ ಹಾಹ ಗಿಡದಿಂದ ಗಾ-ಹಾ, ಗಾ-ಹ, ಗ-ಹಾ, ಗ-ಹ ಅಂತ ನಾಲ್ಕು ಥರ. ಗಾಗ ಹಾಹಾ ಆದ್ರೆ? ತುಂಬಾ ಮಕ್ಕಳು ಅಭ್ಯಾಸಬಲದಿಂದ ನಾಲ್ಕು ಬರೀತಾರೆ, ಬರೋದು ಎರಡೇ, ಗಾ-ಹಾ ಮತ್ತು ಗ-ಹಾ. ಎರಡು ಬೇರೆ ಬೇರೆ ಅಕ್ಷರ ಇರೋ ಜೋಡಿ ಎಷ್ಟಿದೆ ಅಂತ ಎಣಿಸಿ, 1ನ್ನ ಅಷ್ಟು ಸಲ 2ರಿಂದ ಗುಣಿಸಿ, ಅಷ್ಟೇ ಥರದ ಗ್ಯಾಮೀಟ್. ಒಂದೇ ಥರ ಅಕ್ಷರ ಇರೋ ಜೋಡಿ ಲೆಕ್ಕಕ್ಕಿಲ್ಲ.

ಒಂದೇ ಜೀನು: ರೇಷ್ಮೆ ಗೂಡು ನೋಡಿ ಕಲೀಬಹುದು

ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದು ಕಣ್ಣೆದುರಿಗಿರೋ ವಿಷಯ. ಗೂಡಿನ ಮಾರ್ಕೆಟ್ಟಲ್ಲಿ ಬೈವೋಲ್ಟೈನ್ ಗೂಡು ಬೆಳ್ಳಗಿರುತ್ತೆ, ಸಿಬಿ ಗೂಡು ಹಳದಿ. ಈ ಸಿಬಿ ಅನ್ನೋದು ಮೈಸೂರು ತಳಿ ಹೆಣ್ಣು ಚಿಟ್ಟೆಗೂ ಬೈವೋಲ್ಟೈನ್ ಗಂಡಿಗೂ ಕೂಡಿಸಿ ಬಂದಿದ್ದು, ಅಪ್ಪನ ಕಡೆ ಬಿಳಿ ಇದ್ರೂ ಗೂಡೆಲ್ಲ ಹಳದಿ ಕಡೆಗೇ ತಿರುಗಿರುತ್ತೆ, ಅಂದ್ರೆ ಹಳದಿ ಪ್ರಬಲ. ಆ ಹಳದಿ ಗೂಡಿಂದ ಬಂದ ಚಿಟ್ಟೆಗಳನ್ನೇ ಮತ್ತೆ ಕೂಡಿಸಿದ್ರೆ ಮುಂದಿನ ಬೆಳೆಯಲ್ಲಿ ಬಿಳಿ ಮತ್ತೆ ತಲೆ ಎತ್ತುತ್ತೆ. ಬರೀ ಬಣ್ಣ ಅಲ್ಲ, ಗೂಡಿನ ಗಾತ್ರ, ನೂಲಿನ ಉದ್ದ ಎಲ್ಲಾ ಚೆಲ್ಲಾಪಿಲ್ಲಿ ಆಗುತ್ತೆ, ಅದಕ್ಕೇ ರೈತರು ಮನೆಯಲ್ಲೇ ಮೊಟ್ಟೆ ಇಡಿಸಿ ಇಟ್ಕೊಳ್ಳದೆ ಪ್ರತಿ ಬೆಳೆಗೂ ಬಿತ್ತನೆ ಕೋಠಿಯಿಂದ ಹೊಸದಾಗಿ ತರ್ತಾರೆ. ಮೆಂಡೆಲ್ ಬಟಾಣಿಯಲ್ಲಿ ಕಂಡಿದ್ದು ರೇಷ್ಮೆ ಹುಳಕ್ಕೂ ಸಲ್ಲುತ್ತೆ ಅಂತ ಜಪಾನಿನ ತೊಯಾಮ 1906ರಲ್ಲೇ ಹಳದಿ-ಬಿಳಿ ಗೂಡುಗಳನ್ನ ಎಣಿಸಿ ತೋರಿಸಿದ್ರು.

ಲೆಕ್ಕಕ್ಕೆ ಸರಳವಾಗಿ ಒಂದೇ ಜೀನು ಅಂತ ಹಿಡೀರಿ. ಇಲ್ಲಿ ಹಳದಿ ಗೂಡಿಗೆ ಹಾ, ಬಿಳಿಗೆ ಹ. ಹಾಹ ಗುಣಿಸು ಹಾಹ. ಎರಡೂ ಕಡೆಯಿಂದ ಹಾ ½, ಹ ½. ಬಿಳಿ ಆಗ್ಬೇಕಾದ್ರೆ ಎರಡು ಕಡೆಯಿಂದಲೂ ಹ ಬರಬೇಕು, ½ × ½ = ¼. ಮಿಕ್ಕಿದ್ದು ¾ ಹಳದಿ. ಒಂದು ಮನೆನೂ ಹಾಕ್ಲಿಲ್ಲ ನೋಡಿ.

ಈಗ ನಿಜವಾಗ್ಲೂ ಕಷ್ಟ ಕೊಡೋ ಪ್ರಶ್ನೆಗೆ ಬರೋಣ, ಸಂಭವನೀಯತೆ ಸೇರಿರೋದು. ಸಿಕಲ್ ಸೆಲ್ ಅನೀಮಿಯಾ ತಗೊಳ್ಳೋಣ, ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟು ಜನರಲ್ಲಿ ಇರೋ ಕಾಯಿಲೆ ಇದು, 11ನೇ ಕ್ರೋಮೋಸೋಮಿನ ಒಂದು ಜೀನಲ್ಲಿ ಒಂದಕ್ಷರ ಬದಲಾಗಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಬದಲು ವ್ಯಾಲಿನ್ ಕೂರುತ್ತೆ. ಎರಡು ಪ್ರತಿ ಬಂದ್ರೆ ಕಾಯಿಲೆ, ಒಂದು ಬಂದ್ರೆ ವಾಹಕ.

ಪ್ರಶ್ನೆ: ಹೆಂಡತಿಗೆ ಕಾಯಿಲೆ ಇಲ್ಲ, ಅವಳ ತಮ್ಮನಿಗೆ ಇದೆ, ಅವರ ಅಪ್ಪ ಅಮ್ಮನಿಗೆ ಇಲ್ಲ. ಗಂಡನಿಗೂ ಇಲ್ಲ, ಆದ್ರೆ ಗಂಡನ ತಾಯಿಗೆ ಇದೆ. ಮೊದಲ ಮಗುವಿಗೆ ಬರೋ ಸಂಭವ ಎಷ್ಟು?

ಹಿಂದಿನಿಂದ ಬನ್ನಿ. ತಮ್ಮನಿಗೆ ಕಾಯಿಲೆ ಇದೆ ಅಂದ್ಮೇಲೆ ಹೆಂಡತಿಯ ಅಪ್ಪ ಅಮ್ಮ ಇಬ್ರೂ ವಾಹಕರು, ಅದ್ರಲ್ಲಿ ಅನುಮಾನ ಇಲ್ಲ. ಅವರಿಗೆ ಹುಟ್ಟೋ ಮಕ್ಕಳು ನಾಲ್ಕು ಪಾಲಲ್ಲಿ ಒಂದು ಪಾಲು ಪೂರ್ತಿ ಚೆನ್ನಾಗಿರೋರು, ಎರಡು ಪಾಲು ವಾಹಕರು, ಒಂದು ಪಾಲು ಕಾಯಿಲೆಯವರು. ಹೆಂಡತಿ ವಾಹಕಳಾಗಿರೋ ಸಂಭವ ½ ಅಂತ ಬರೆದ್ರೆ ತಪ್ಪು, ಅವಳಿಗೆ ಕಾಯಿಲೆ ಇಲ್ಲ ಅಂತ ನಮಗೆ ಆಗ್ಲೇ ಗೊತ್ತಿದೆ, ಹಾಗಾಗಿ ಆ ನಾಲ್ಕನೇ ಪಾಲನ್ನ ಎತ್ತಿ ಪಕ್ಕಕ್ಕಿಡಬೇಕು, ಉಳಿದ ಮೂರರಲ್ಲಿ ಎರಡು, ಅಂದ್ರೆ ⅔. ಗಂಡ? ತಾಯಿಯ ಹತ್ರ ಕೊಡೋಕೆ ಬೇರೆ ಅಲೀಲೇ ಇಲ್ಲ, ಹಾಗಾಗಿ ಅವನು ಖಂಡಿತ ವಾಹಕ. ಈಗ ಗ್ಯಾಮೀಟ್. ಹೆಂಡತಿಯಿಂದ ಕಾಯಿಲೆ ಅಲೀಲ್ ಬರೋ ಪಾಲು ⅔ × ½ = ⅓. ಗಂಡನಿಂದ ½. ಗುಣಿಸಿದ್ರೆ 1/6.

ಇದೇ ಪ್ರಶ್ನೆಯ ಮುಂದುವರಿಕೆ ಇನ್ನೂ ಚೆನ್ನಾಗಿದೆ. ಮೊದಲ ಮಗುವಿಗೆ ಕಾಯಿಲೆ ಬಂತು ಅಂದ್ರೆ ಎರಡನೇದಕ್ಕೆ ಎಷ್ಟು? 1/6 ಅಲ್ಲ. ಹೆಂಡತಿ ವಾಹಕ ಅನ್ನೋದು ಈಗ ಖಚಿತ ಆಯ್ತು, ಹಾಗಾಗಿ ¼. ಮೊದಲ ಮಗು ಚೆನ್ನಾಗಿ ಹುಟ್ಟಿದ್ರೆ? ಆಗ ಅವಳು ವಾಹಕ ಅನ್ನೋ ಅನುಮಾನ ಸ್ವಲ್ಪ ಕಮ್ಮಿ ಆಗ್ಬೇಕು. ವಾಹಕ ಆಗಿದ್ದು ಮಗು ಚೆನ್ನಾಗಿರೋ ಪಾಲು ⅔ × ¾ = ½, ವಾಹಕ ಅಲ್ಲದೆ ಮಗು ಚೆನ್ನಾಗಿರೋ ಪಾಲು ⅓ × 1 = ⅓. ಒಟ್ಟು 5/6ರಲ್ಲಿ ½ ಅಂದ್ರೆ 3/5. ಎರಡನೇ ಮಗುವಿನ ಸಂಭವ 3/5 × ¼ = 3/20. ಹೊಸ ಸುದ್ದಿ ಸಿಕ್ಕಾಗೆಲ್ಲ ಅಪ್ಪ ಅಮ್ಮನ ಜೀನೋಟೈಪ್ (ಒಳಗಿರೋ ಅಲೀಲ್ ಜೋಡಿ) ಬಗ್ಗೆ ನಾವು ಅಂದ್ಕೊಂಡಿದ್ದನ್ನ ತಿದ್ದಬೇಕು. ಅಪ್ಪ ಅಮ್ಮ ಇಬ್ರೂ ವಾಹಕರು ಅಂತ ಪ್ರಶ್ನೆಯಲ್ಲೇ ಕೊಟ್ಬಿಟ್ಟಿದ್ರೆ ಮಾತ್ರ ಪ್ರತಿ ಮಗುವಿಗೂ ಅದೇ ¼, ಹಿಂದಿನ ಮಕ್ಕಳು ಹೇಗಿದ್ರೂ ಸರಿ.

ಎರಡು ಮೂರು ಜೀನು: ಬಿಡಿಬಿಡಿಯಾಗಿ ಮಾಡಿ, ಆಮೇಲೆ ಗುಣಿಸಿ

ಗಾಗ ಹಾಹ ಗಿಡವನ್ನ ಅದಕ್ಕೇ ಕ್ರಾಸ್ ಮಾಡಿದ್ರೆ ಗುಂಡಗೆ ಹಸಿರಾಗಿರೋ ಕಾಳು ಎಷ್ಟು ಪಾಲು? ಗುಂಡು ¾, ಹಸಿರು ¼, ಎರಡೂ ಸೇರಿ 3/16. ಹದಿನಾರು ಮನೆ ಕೆಲಸ ಒಂದು ಸಾಲಲ್ಲಿ ಮುಗೀತು. ಮೂರು ಜೀನು ಬಂದ್ರೆ 64 ಮನೆ, ಪರೀಕ್ಷೆ ಹಾಲಲ್ಲಿ ಅದನ್ನ ತುಂಬ್ತಾ ಕೂರೋಕಾಗಲ್ಲ. ಎರಡು ಪ್ರಬಲ, ಒಂದು ದುರ್ಬಲ ಗುಣ ಕೇಳಿದ್ರೆ ¾ × ¾ × ¼ = 9/64, ಅಷ್ಟೇ. ಜೀನೋಟೈಪ್ ಕೇಳಿದ್ರೆ ¼, ½, ¼ ಗುಣಿಸಿ, ಫೀನೋಟೈಪ್ (ಹೊರಗೆ ಕಾಣೋ ಗುಣ) ಕೇಳಿದ್ರೆ ¾, ¼ ಗುಣಿಸಿ. ಯಾವುದು ಕೇಳಿದಾರೆ ಅಂತ ಪ್ರಶ್ನೆಯ ಕೊನೇ ಸಾಲಿಗೆ ಗೆರೆ ಹಾಕ್ಕೊಳ್ಳಿ.

9:7, 9:3:4, 12:3:1 ಇವೆಲ್ಲ ಬಂದ್ರೆ ಹೆದರಬೇಡಿ, ಕೂಡಿಸಿ ನೋಡಿ, ಎಲ್ಲಾ ಹದಿನಾರೇ. ಗ್ಯಾಮೀಟ್ ಅದೇ, ಪಾಲೂ ಅದೇ, ಎರಡು ಜೀನು ಒಂದೇ ಗುಣದ ಮೇಲೆ ಕೆಲಸ ಮಾಡೋದ್ರಿಂದ ಕೆಲವು ಗುಂಪು ಒಂದಾಗಿ ಕಾಣ್ತವೆ. 2:1 ಬಂದ್ರೆ ಒಂದು ಪಾಲು ಹುಟ್ಟೋಕೆ ಮುಂಚೆನೇ ಸತ್ತಿದೆ ಅಂತ ಅರ್ಥ, ಹಳದಿ ಇಲಿಯ ಹಾಗೆ.

ಎಣಿಕೆ ಕೊಟ್ಟು "ಇದು 9:3:3:1ಕ್ಕೆ ಹೊಂದುತ್ತಾ" ಅಂತ ಕೇಳಿದ್ರೆ ಕೈ-ಸ್ಕ್ವೇರ್ ಹಾಕ್ಬೇಕು, ಸಿಕ್ಕಿದ್ದಕ್ಕೂ ಇರಬೇಕಾಗಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಅಳೆಯೋ ಲೆಕ್ಕ ಅದು. ಮೆಂಡೆಲ್ ಅವರದೇ ಸಂಖ್ಯೆ ತಗೊಳ್ಳೋಣ, 1866ರಲ್ಲಿ ಅಚ್ಚಾಗಿದ್ದು: ಗುಂಡು ಹಳದಿ 315, ಗುಂಡು ಹಸಿರು 108, ಸುಕ್ಕು ಹಳದಿ 101, ಸುಕ್ಕು ಹಸಿರು 32, ಒಟ್ಟು 556. ಹದಿನಾರರಿಂದ ಭಾಗಿಸಿದ್ರೆ ಒಂದು ಪಾಲಿಗೆ 34.75. ಹಾಗಾಗಿ ಇರಬೇಕಾಗಿದ್ದು 312.75, 104.25, 104.25, 34.75. ಪ್ರತಿಯೊಂದಕ್ಕೂ ಸಿಕ್ಕಿದ್ದರಲ್ಲಿ ಇರಬೇಕಾಗಿದ್ದನ್ನ ಕಳೆದು, ವರ್ಗ ಮಾಡಿ, ಇರಬೇಕಾಗಿದ್ದರಿಂದ ಭಾಗಿಸಿ: 0.016, 0.135, 0.101, 0.218. ಕೂಡಿಸಿದ್ರೆ 0.47. ನಾಲ್ಕು ಗುಂಪು, ಅಂದ್ರೆ ಡಿಗ್ರಿ ಆಫ್ ಫ್ರೀಡಮ್ (ಗುಂಪಿನ ಸಂಖ್ಯೆಗಿಂತ ಒಂದು ಕಮ್ಮಿ) 3, ಕೋಷ್ಟಕದ 5% ಗಡಿ 7.815. ನಮ್ಮದು ಅದಕ್ಕಿಂತ ಎಷ್ಟೋ ಕೆಳಗಿದೆ, ಹೊಂದುತ್ತೆ. ಶೇಕಡಾವಾರು ಹಾಕಿ ಕೈ-ಸ್ಕ್ವೇರ್ ಮಾಡಬೇಡಿ ದಯವಿಟ್ಟು, ಎಣಿಸಿದ ಸಂಖ್ಯೆನೇ ಹಾಕಿ. 50ಕ್ಕೆ 60% ಬಂದಿದ್ದಕ್ಕೂ 5000ಕ್ಕೆ 60% ಬಂದಿದ್ದಕ್ಕೂ ತೂಕ ಒಂದೇ ಅಲ್ಲ.

ಎಕ್ಸ್ ಮೇಲಿನ ಜೀನು

ಇಲ್ಲಿ ಗಂಡಸಿನ ಗ್ಯಾಮೀಟ್ ಎರಡು ಥರ, ಎಕ್ಸ್ ಅಲೀಲ್ ಇರೋದು ಒಂದು, ವೈ ಒಂದು. ವೈ ಬರೆಯೋದು ಮರೆತ್ರೆ ಲೆಕ್ಕ ಕೆಟ್ಟಂಗೆ. ಅಪ್ಪ ಮಗನಿಗೆ ಎಕ್ಸ್ ಕೊಡಲ್ಲ, ಹಾಗಾಗಿ ಬಣ್ಣಗುರುಡು ಅಪ್ಪನಿಂದ ಮಗನಿಗೆ ನೇರವಾಗಿ ಬರಲ್ಲ, ಮಗಳ ಮೂಲಕ ಮೊಮ್ಮಗನಿಗೆ ಹೋಗುತ್ತೆ. ಪೆಡಿಗ್ರೀ (ವಂಶದ ನಕ್ಷೆ) ಕೊಟ್ಟಾಗ ನಾನು ಮೊದಲು ನೋಡೋದು ಕಾಯಿಲೆ ಇರೋ ಹೆಂಗಸರನ್ನ. ದುರ್ಬಲ ಎಕ್ಸ್ ಜೀನಾದ್ರೆ ಅವಳ ಅಪ್ಪನಿಗೂ ಎಲ್ಲಾ ಗಂಡುಮಕ್ಕಳಿಗೂ ಇರಲೇಬೇಕು. ಒಬ್ಬ ಮಗ ಚೆನ್ನಾಗಿದ್ರೂ ಎಕ್ಸ್ ಅನ್ನೋದನ್ನ ಕೈಬಿಡಬಹುದು.

ಜನಸಂಖ್ಯೆ: ಎಲ್ಲರ ಗ್ಯಾಮೀಟನ್ನೂ ಒಂದೇ ಪಾತ್ರೆಗೆ ಸುರೀರಿ

1908ರಲ್ಲಿ ಕೇಂಬ್ರಿಡ್ಜಿನ ಗಣಿತದ ಹಾರ್ಡಿ, ಜರ್ಮನಿಯ ಸ್ಟುಟ್‌ಗಾರ್ಟಿನ ವೈದ್ಯ ವೈನ್‌ಬರ್ಗ್, ಇಬ್ರೂ ಬೇರೆ ಬೇರೆಯಾಗಿ ಇದನ್ನ ಹೇಳಿದ್ರು. ಸೂತ್ರ ಬಾಯಿಪಾಠ ಮಾಡೋಕೆ ಮುಂಚೆ ಹೀಗೆ ಯೋಚಿಸಿ. ಒಂದು ಊರಿನ ಎಲ್ಲಾ ಹೆಂಗಸರ ಗ್ಯಾಮೀಟ್ ಒಂದು ಪಾತ್ರೆಯಲ್ಲಿದೆ, ಗಂಡಸರದ್ದು ಇನ್ನೊಂದರಲ್ಲಿ. ದೀರ್ಘದ ಪಾಲು ಪಿ, ಹ್ರಸ್ವದ ಪಾಲು ಕ್ಯೂ. ಕಣ್ಣು ಮುಚ್ಚಿ ಎರಡೂ ಪಾತ್ರೆಯಿಂದ ಒಂದೊಂದು ತೆಗೆದ್ರೆ ಎರಡೂ ದೀರ್ಘ ಬರೋದು ಪಿ², ಎರಡೂ ಹ್ರಸ್ವ ಕ್ಯೂ², ಒಂದೊಂದು ಬರೋದು ಪಿಕ್ಯೂ, ಅದು ಎರಡು ರೀತಿಯಲ್ಲಿ ಬರಬಹುದು ಅದಕ್ಕೆ 2ಪಿಕ್ಯೂ. ಹಿಂದೆ ½ ಇದ್ದ ಜಾಗದಲ್ಲಿ ಪಿ, ಕ್ಯೂ ಬಂತು, ಅಷ್ಟೇ ಬದಲಾವಣೆ.

ಪ್ರಶ್ನೆ ಎರಡು ಥರ ಬರುತ್ತೆ. ಮೂರೂ ಜೀನೋಟೈಪ್ ಎಣಿಸಿ ಕೊಟ್ಟಿದ್ರೆ ವರ್ಗಮೂಲ ಹಾಕ್ಲೇಬೇಡಿ, ಅಲೀಲ್‌ಗಳನ್ನ ನೇರವಾಗಿ ಎಣಿಸಿ. ಬರೀ ದುರ್ಬಲ ಫೀನೋಟೈಪ್ ಕೊಟ್ಟಿದ್ರೆ ಮಾತ್ರ ಅದನ್ನ ಕ್ಯೂ² ಅಂತ ಹಿಡಿದು ವರ್ಗಮೂಲ.

ಎರಡನೇ ಥರ ಮೊದಲು ಮುಗಿಸ್ತೀನಿ. ಒಂದು ದುರ್ಬಲ ಕಾಯಿಲೆ 2500 ಜನರಲ್ಲಿ ಒಬ್ಬರಿಗೆ ಇದೆ, ವಾಹಕರು ಎಷ್ಟು? ಕ್ಯೂ² = 1/2500, ಕ್ಯೂ = 1/50 = 0.02, ಪಿ = 0.98. 2 × 0.98 × 0.02 = 0.0392, ಹತ್ತಿರ ಹತ್ತಿರ 25 ಜನರಿಗೆ ಒಬ್ಬರು. ಕಾಯಿಲೆ ಇರೋರಿಗಿಂತ ವಾಹಕರು ಸುಮಾರು ನೂರು ಪಟ್ಟು ಜಾಸ್ತಿ ಅಂತ ಉತ್ತರ ಬಂದಾಗ ಮಕ್ಕಳಿಗೆ ತಪ್ಪು ಮಾಡಿದೀವೇನೋ ಅನ್ಸುತ್ತೆ, ತಪ್ಪಲ್ಲ, ಅಪರೂಪದ ಕಾಯಿಲೆ ಅಂದ್ರೆ ಹೀಗೇ ಇರುತ್ತೆ.

ಮೊದಲನೇ ಥರ. ಎಂಎನ್ ರಕ್ತದ ಗುಂಪು, 200 ಜನ, ಎಂಎಂ 80, ಎಂಎನ್ 80, ಎನ್‌ಎನ್ 40 ಅಂತ ಇಟ್ಕೊಳ್ಳಿ. ಒಟ್ಟು ಅಲೀಲ್ 400. ಎಂ ಎಷ್ಟು, 80 × 2 + 80 = 240, ಪಿ = 0.6. ಕ್ಯೂ = 0.4. ಇರಬೇಕಾಗಿದ್ದು 200ಕ್ಕೆ 72, 96, 32. ಕೈ-ಸ್ಕ್ವೇರ್ 64/72 + 256/96 + 64/32 = 0.89 + 2.67 + 2 = 5.56.

ಇಲ್ಲಿ ಒಂಚೂರು ನಿಲ್ಲಿ. ಮೂರು ಗುಂಪಿದೆ, ಡಿಗ್ರಿ ಆಫ್ ಫ್ರೀಡಮ್ 2 ಅಂತ ಬರೆದು, ಗಡಿ 5.991, ನಮ್ಮದು ಕಮ್ಮಿ ಇದೆ, ಊರು ಸಮತೋಲನದಲ್ಲಿದೆ (ಪಿ², 2ಪಿಕ್ಯೂ, ಕ್ಯೂ²ಗೆ ಹೊಂದುತ್ತೆ) ಅಂತ ಉತ್ತರ ಬರೆದ ಹುಡುಗಿಯ ನೋಟ್‌ಬುಕ್ ನನ್ನ ಮುಂದೆ ಇತ್ತು, ಅಂಕಿಗಳು ಮುತ್ತು ಪೋಣಿಸಿದ ಹಾಗೆ, ಒಂದು ಕೂಡಿಸೋ ತಪ್ಪೂ ಇರಲಿಲ್ಲ, ಆದ್ರೂ ಉತ್ತರ ತಲೆಕೆಳಗು. ಯಾಕಂದ್ರೆ ಪಿ ಅನ್ನೋದನ್ನ ನಾವು ಇದೇ 200 ಜನರಿಂದ ತೆಗೆದಿದೀವಿ. ಮೆಂಡೆಲ್ ಲೆಕ್ಕದಲ್ಲಿ 9:3:3:1 ಹೊರಗಿಂದ ಬಂದಿತ್ತು, ಇಲ್ಲಿ ಪಾಲೂ ಇದೇ ಎಣಿಕೆಯಿಂದಲೇ ಬಂದಿದ್ದು, ಅದಕ್ಕೆ ಇನ್ನೊಂದು ಕಳೀಬೇಕು. 3 − 1 − 1 = 1, ಗಡಿ 3.841, ನಮ್ಮ 5.56 ಅದನ್ನ ದಾಟಿದೆ. ಹೊಂದಲ್ಲ. ಎಂಎನ್ ಇರಬೇಕಾಗಿದ್ದಕ್ಕಿಂತ ಕಮ್ಮಿ, 96 ಇರಬೇಕಾದಲ್ಲಿ 80 ಇದೆ.

ಮಿಶ್ರ ಜೀನೋಟೈಪ್ ಹೀಗೆ ಕಮ್ಮಿ ಆಗೋಕೆ ಒಂದು ಕಾರಣ ನಮ್ಮ ಮನೆಗಳಲ್ಲೇ ಇದೆ. ಕಣ್ಣು ಮುಚ್ಚಿ ಪಾತ್ರೆಯಿಂದ ತೆಗೆಯೋದು ಅಂದ್ವಲ್ಲ, ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ಮದುವೆ ಮಾಡಿದಾಗ ಕಣ್ಣು ಮುಚ್ಚಿ ತೆಗೆದ ಹಾಗಲ್ಲ, ಒಂದೇ ಅಜ್ಜ ಅಜ್ಜಿಯ ಅಲೀಲ್ ಎರಡೂ ಕಡೆಯಿಂದ ಬಂದು ಸೇರೋ ದಾರಿ ಇರುತ್ತೆ. ಆಗ ಕಾಯಿಲೆ ಪಾಲು ಕ್ಯೂ² ಅಲ್ಲ, ಕ್ಯೂ² + ಎಫ್ × ಪಿಕ್ಯೂ. ಎಫ್ ಅನ್ನೋದು ಒಳತಳಿ ಗುಣಾಂಕ, ಅಂದ್ರೆ ಮಗುವಿನ ಎರಡೂ ಪ್ರತಿ ಒಬ್ಬರೇ ಹಿರಿಯರ ಒಂದೇ ಅಲೀಲಿನಿಂದ ಬಂದಿರೋ ಸಂಭವ, ಅತ್ತೆ ಮಗ ಮಾವನ ಮಗಳು ಆದ್ರೆ ಮಗುವಿಗೆ 1/16, ಸೋದರಮಾವ ಆದ್ರೆ 1/8. ಮೇಲಿನ ಕ್ಯೂ = 0.02 ಕಾಯಿಲೆಗೇ ಹಾಕಿ ನೋಡಿ. ಸಂಬಂಧ ಇಲ್ಲದವರಲ್ಲಿ 0.0004. ಅತ್ತೆ ಮಗನ ಮದುವೆಯಲ್ಲಿ 0.0004 + 0.0196/16 = 0.0016, ನಾಲ್ಕು ಪಟ್ಟು. ಸೋದರಮಾವನಾದ್ರೆ 0.0004 + 0.0196/8 = 0.00285, ಏಳು ಪಟ್ಟು. ಸಂಬಂಧದಲ್ಲಿ ಮದುವೆ ಬೇಡ ಅಂತ ಡಾಕ್ಟ್ರು ಯಾಕೆ ಹೇಳ್ತಾರೆ ಅನ್ನೋದು ಈ ಒಂದು ಸಾಲಿನ ಲೆಕ್ಕದಲ್ಲಿ ಕಾಣುತ್ತೆ, ನಾನಂತೂ ಪ್ರತಿ ವರ್ಷ ಇದನ್ನ ತಪ್ಪದೆ ಬೋರ್ಡ್ ಮೇಲೆ ಬರೀತೀನಿ.

ಎಕ್ಸ್ ಮೇಲಿನ ಜೀನಾದ್ರೆ ಗಂಡಸರಲ್ಲಿ ಒಂದೇ ಪ್ರತಿ, ಹಾಗಾಗಿ ಗಂಡಸರಲ್ಲಿ ಕಾಯಿಲೆ ಪಾಲು ನೇರವಾಗಿ ಕ್ಯೂ, ಹೆಂಗಸರಲ್ಲಿ ಕ್ಯೂ². ಬಣ್ಣಗುರುಡು ಗಂಡಸರಲ್ಲಿ 8%, ಹೆಂಗಸರಲ್ಲಿ 0.4% ಅಂತ ಪಿಯು ಪಠ್ಯಪುಸ್ತಕದಲ್ಲಿದೆ. 0.08 ವರ್ಗ ಮಾಡಿದ್ರೆ 0.0064, ಅಂದ್ರೆ 0.64% ಬರಬೇಕಿತ್ತಲ್ಲ, 0.4 ಯಾಕೆ ಅಂತ ಜಾಣ ಮಕ್ಕಳು ಕೇಳ್ತಾರೆ, ಕೇಳಲೇಬೇಕು. ಎಕ್ಸ್ ಮೇಲೆ ಕೆಂಪಿಗೆ ಹಸಿರಿಗೆ ಬೇರೆ ಬೇರೆ ಜೀನಿದೆ, ಯುರೋಪಿನ ಗಂಡಸರಲ್ಲಿ ಕೆಂಪಿನ ತೊಂದರೆ ಸುಮಾರು 2%, ಹಸಿರಿನದು ಸುಮಾರು 6%. ಒಂದು ಎಕ್ಸಲ್ಲಿ ಕೆಂಪಿನ ದೋಷ, ಇನ್ನೊಂದರಲ್ಲಿ ಹಸಿರಿನ ದೋಷ ಬಂದ ಹೆಂಗಸಿಗೆ ಎರಡಕ್ಕೂ ಒಂದೊಂದು ಒಳ್ಳೆ ಪ್ರತಿ ಇದ್ದೇ ಇರುತ್ತೆ. ಹಾಗಾಗಿ ಬೇರೆ ಬೇರೆಯಾಗಿ ವರ್ಗ ಮಾಡಿ: 0.0004 + 0.0036 = 0.0040. ಸರಿಯಾಗಿ 0.4%.

ಲಿಂಕೇಜ್: ಪಾಲು ಸಮ ಇಲ್ಲದ ಗ್ಯಾಮೀಟ್

ಎರಡು ಜೀನು ಒಂದೇ ಕ್ರೋಮೋಸೋಮ್ ಮೇಲೆ ಹತ್ತಿರ ಇದ್ರೆ ಜೊತೆಯಾಗೇ ಹೋಗ್ತವೆ, ನಡುವೆ ಕ್ರಾಸಿಂಗ್ ಓವರ್ (ಜೋಡಿ ಕ್ರೋಮೋಸೋಮುಗಳು ಮುರಿದು ತುಂಡು ಅದಲುಬದಲು ಆಗೋದು) ಆದಾಗ ಮಾತ್ರ ಬೇರೆ ಆಗ್ತವೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಹಣ್ಣಿನ ನೊಣದಲ್ಲಿ ಇದನ್ನ ಬಿಡಿಸಿದ್ರು. ಬಾಳೆಹಣ್ಣು ಕೊಳೆತಾಗ ಅಡುಗೆಮನೆಯಲ್ಲಿ ಸುತ್ತೋ ಸಣ್ಣ ನೊಣಗಳ ಜಾತಿನೇ ಅದು.

ಅವರ ಟೆಸ್ಟ್ ಕ್ರಾಸ್ ತಗೊಳ್ಳೋಣ. ಮೈ ಬೂದು ಬಾ, ಕಪ್ಪು ಬ. ರೆಕ್ಕೆ ಪೂರ್ತಿ ಇದ್ರೆ ರಾ, ಮೊಟಕಾದ್ರೆ ರ. ಬಾಬ ರಾರ ಹೆಣ್ಣಿಗೆ ಬಬ ರರ ಗಂಡು. ಗಂಡಿನಿಂದ ಬ-ರ ಒಂದೇ ಥರ ಗ್ಯಾಮೀಟ್, ಹಾಗಾಗಿ ಮರಿ ಹೇಗೆ ಕಾಣುತ್ತೋ ಅದೇ ಹೆಣ್ಣಿನ ಗ್ಯಾಮೀಟ್. ಟೆಸ್ಟ್ ಕ್ರಾಸ್ ಮಾಡೋದೇ ಇದಕ್ಕೆ, ಗ್ಯಾಮೀಟನ್ನ ಕಣ್ಣಲ್ಲಿ ನೋಡೋಕೆ. ಬಂದಿದ್ದು:

ಬೂದು, ಪೂರ್ತಿ ರೆಕ್ಕೆ: 965
ಕಪ್ಪು, ಮೊಟಕು ರೆಕ್ಕೆ: 944
ಬೂದು, ಮೊಟಕು ರೆಕ್ಕೆ: 206
ಕಪ್ಪು, ಪೂರ್ತಿ ರೆಕ್ಕೆ: 185

ಲಿಂಕೇಜ್ ಇಲ್ಲದಿದ್ರೆ ನಾಲ್ಕೂ 575ರ ಆಸುಪಾಸು ಇರಬೇಕಿತ್ತು. ದೊಡ್ಡ ಎರಡು ಗುಂಪು ಮೂಲ ಜೋಡಣೆ, ಸಣ್ಣ ಎರಡು ಮರುಜೋಡಣೆ. (206 + 185) / 2300 = 0.17, ಅಂದ್ರೆ 17 ಸೆಂಟಿಮಾರ್ಗನ್ (1% ಮರುಜೋಡಣೆಗೆ ಒಂದು ಸೆಂಟಿಮಾರ್ಗನ್ ದೂರ). ಯಾವುದು ಮೂಲ ಅನ್ನೋದನ್ನ ಎಣಿಕೆ ನೋಡಿ ಹೇಳಿ, ಗುಣ ನೋಡಿ ಹೇಳಬೇಡಿ. ಹೆಣ್ಣಿಗೆ ಒಂದು ಕ್ರೋಮೋಸೋಮಲ್ಲಿ ಬಾ-ರ, ಇನ್ನೊಂದರಲ್ಲಿ ಬ-ರಾ ಬಂದಿದ್ರೆ ಬೂದು-ಮೊಟಕು, ಕಪ್ಪು-ಪೂರ್ತಿ ಇವೇ ದೊಡ್ಡ ಗುಂಪಾಗ್ತಿದ್ವು. ಲೆಕ್ಕದಲ್ಲಿ 50%ಗಿಂತ ಜಾಸ್ತಿ ಬಂತು ಅಂದ್ರೆ ನೀವು ಗುಂಪು ಅದಲುಬದಲು ಮಾಡಿದೀರ ಅಂತಾನೇ ಅರ್ಥ, ಯಾಕಂದ್ರೆ ಮರುಜೋಡಣೆ 50% ದಾಟಲ್ಲ. ಒಂದೇ ಕ್ರೋಮೋಸೋಮ್ ಮೇಲಿದ್ರೂ ತುಂಬಾ ದೂರ ಇದ್ರೆ 50% ಬಂದು ಬೇರೆ ಕ್ರೋಮೋಸೋಮಿನ ಹಾಗೇ ಕಾಣುತ್ತೆ.

ಇನ್ನು ಉಲ್ಟಾ ಪ್ರಶ್ನೆ. 17 ಸೆಂಟಿಮಾರ್ಗನ್ ದೂರ ಕೊಟ್ಟು, ಬಾ-ರಾ / ಬ-ರ ಇರೋ ಎರಡನ್ನ ಕ್ರಾಸ್ ಮಾಡಿದ್ರೆ ಕಪ್ಪು-ಮೊಟಕು ಎಷ್ಟು? ಗ್ಯಾಮೀಟ್ ಬರೀರಿ. ಮರುಜೋಡಣೆ ಒಟ್ಟು 0.17, ಒಂದೊಂದಕ್ಕೆ 0.085. ಮೂಲ ಒಟ್ಟು 0.83, ಒಂದೊಂದಕ್ಕೆ 0.415. ಗಿಡವಾದ್ರೆ ಎರಡೂ ಕಡೆ ಬ-ರ 0.415, ಗುಣಿಸಿದ್ರೆ 0.172. ಆದ್ರೆ ಹಣ್ಣಿನ ನೊಣದ ಗಂಡಿನಲ್ಲಿ ಕ್ರಾಸಿಂಗ್ ಓವರ್ ಆಗೋದೇ ಇಲ್ಲ! ಅವನಿಂದ ಬ-ರ ಪೂರ್ತಿ 0.5. ಹಾಗಾಗಿ 0.415 × 0.5 = 0.2075. ರೇಷ್ಮೆ ಹುಳದಲ್ಲಿ ಇದು ತಿರುಗುಮುರುಗು, ಹೆಣ್ಣಿನಲ್ಲಿ ಕ್ರಾಸಿಂಗ್ ಓವರ್ ಇಲ್ಲ, ಗಂಡಿನಲ್ಲಿದೆ. ಪ್ರಶ್ನೆಯಲ್ಲಿ ನೊಣ ಅಥವಾ ರೇಷ್ಮೆ ಅಂತ ಕಂಡ್ರೆ ಮಿಶ್ರ ಜೀನೋಟೈಪ್ ಇರೋದು ಗಂಡಿಗಾ ಹೆಣ್ಣಿಗಾ ಅಂತ ನೋಡ್ಕೊಳ್ಳಿ.

ಮೂರು ಜೀನಿನ ಮ್ಯಾಪ್

ಮಾರ್ಗನ್ ಲ್ಯಾಬಲ್ಲಿ ಇನ್ನೂ ಡಿಗ್ರಿ ಓದ್ತಿದ್ದ ಸ್ಟರ್ಟೆವಂಟ್ ಅನ್ನೋ ಹುಡುಗ 1911ರಲ್ಲಿ ಒಂದು ರಾತ್ರಿ ಎಣಿಕೆಗಳನ್ನ ಮನೆಗೆ ತಗೊಂಡು ಹೋಗಿ, ಕಾಲೇಜಿನ ಹೋಮ್‌ವರ್ಕ್ ಬಿಟ್ಟು, ಬೆಳಗಾಗೋ ಹೊತ್ತಿಗೆ ಎಕ್ಸ್ ಕ್ರೋಮೋಸೋಮಿನ ಮೊದಲ ಮ್ಯಾಪ್ ಬರೆದಿದ್ದ, 1913ರಲ್ಲಿ ಅದು ಅಚ್ಚಾಯ್ತು. ಅದೇ ಯೋಚನೆಯಲ್ಲಿ ನಾವೂ ಒಂದು ಮಾಡೋಣ. ಕ, ಚ, ಟ ಮೂರು ಜೀನು, ಟೆಸ್ಟ್ ಕ್ರಾಸ್, 1000 ಮರಿ, ಸಂಖ್ಯೆ ಅಭ್ಯಾಸಕ್ಕೆ ನಾನೇ ಹಾಕಿದ್ದು:

ಕಾ ಚಾ ಟಾ: 383
ಕ ಚ ಟ: 376
ಕಾ ಚಾ ಟ: 72
ಕ ಚ ಟಾ: 69
ಕ ಚಾ ಟ: 47
ಕಾ ಚ ಟಾ: 44
ಕ ಚಾ ಟಾ: 5
ಕಾ ಚ ಟ: 4

ದೊಡ್ಡ ಜೋಡಿ ಮೂಲ. ತೀರಾ ಸಣ್ಣ ಜೋಡಿ ಎರಡು ಕಡೆ ಕ್ರಾಸಿಂಗ್ ಓವರ್ ಆಗಿದ್ದು. ಇವೆರಡನ್ನ ಪಕ್ಕಪಕ್ಕ ಇಟ್ಟು ನೋಡಿ. ಕಾ ಚಾ ಟಾ ಇದ್ದಿದ್ದು ಕ ಚಾ ಟಾ ಆಗಿದೆ, ಬದಲಾಗಿದ್ದು ಕ ಒಂದೇ. ಬದಲಾದದ್ದು ನಡುವಿನ ಜೀನು. ಹಾಗಾಗಿ ಕ್ರಮ ಚ–ಕ–ಟ. ಪ್ರಶ್ನೆಯಲ್ಲಿ ಕೊಟ್ಟ ಕ್ರಮನೇ ಕ್ರೋಮೋಸೋಮಿನ ಕ್ರಮ ಅಂತ ನಂಬಬೇಡಿ. ಈಗ ಎಂಟೂ ಸಾಲನ್ನ ಹೊಸ ಕ್ರಮದಲ್ಲಿ ಇನ್ನೊಂದ್ಸಲ ಬರ್ಕೊಳ್ಳಿ, ಒಂದು ನಿಮಿಷ ಹೋಗುತ್ತೆ, ಹೋಗ್ಲಿ.

ಚ ಮತ್ತು ಕ ನಡುವೆ ಮುರಿದಿದ್ದು 47, 44, ಜೊತೆಗೆ 5, 4. ಒಟ್ಟು 100, ಅಂದ್ರೆ 10 ಸೆಂಟಿಮಾರ್ಗನ್. ಕ ಮತ್ತು ಟ ನಡುವೆ 72, 69, 5, 4, ಒಟ್ಟು 150, ಅಂದ್ರೆ 15. ಆ ಸಣ್ಣ ಜೋಡಿಯನ್ನ ಎರಡು ಕಡೆಯೂ ಸೇರಿಸಬೇಕು, ಎರಡು ಕಡೆಯೂ ಮುರಿದಿದೆ ತಾನೇ. ಚ ಇಂದ ಟಗೆ 25. ಕ ಅನ್ನೋ ಜೀನು ನಮಗೆ ಗೊತ್ತೇ ಇಲ್ಲದಿದ್ರೆ ಬರೀ ಚ, ಟ ನೋಡಿ 47 + 44 + 72 + 69 = 232, ಅಂದ್ರೆ 23.2 ಅಂತ ಹೇಳ್ತಿದ್ವಿ, ಎರಡು ಸಲ ಮುರಿದು ಮತ್ತೆ ಮೊದಲಿನ ಜೋಡಿಗೇ ಬಂದ 9 ಮರಿಗಳು ಕಣ್ತಪ್ಪಿಸಿಕೊಳ್ತಿದ್ವು. 9ರ ಎರಡರಷ್ಟು 18, ಅದೇ ಆ 1.8ರ ವ್ಯತ್ಯಾಸ.

ಎರಡು ಕಡೆ ಮುರಿಯೋದು ಒಂದಕ್ಕೊಂದು ಸಂಬಂಧ ಇಲ್ಲದೆ ಆಗಿದ್ರೆ 0.10 × 0.15 × 1000 = 15 ಇರಬೇಕಿತ್ತು, ಸಿಕ್ಕಿದ್ದು 9. 9/15 = 0.6 ಕೊಇನ್ಸಿಡೆನ್ಸ್, 1 − 0.6 = 0.4 ಇಂಟರ್‌ಫಿಯರೆನ್ಸ್. ಒಂದು ಕಡೆ ಮುರಿದ್ರೆ ಪಕ್ಕದಲ್ಲೇ ಇನ್ನೊಂದು ಮುರಿಯೋದನ್ನ ಅದು ತಡೀತಿದೆ.

ಮ್ಯಾಪ್ ಕೊಟ್ಟು ಗ್ಯಾಮೀಟ್ ಕೇಳಿದ್ರೆ ಇದನ್ನೇ ಹಿಂದಿನಿಂದ ಮಾಡಿ, ಯಾವಾಗ್ಲೂ ಸಣ್ಣದ್ರಿಂದ ಶುರು. ಎರಡು ಕಡೆ ಮುರಿದಿದ್ದು 0.10 × 0.15 × 0.6 = 0.009. ಚ–ಕ ನಡುವೆ ಮಾತ್ರ 0.10 − 0.009 = 0.091. ಕ–ಟ ನಡುವೆ ಮಾತ್ರ 0.15 − 0.009 = 0.141. ಇವು ಮೂರನ್ನೂ 1ರಿಂದ ಕಳೆದ್ರೆ ಮೂಲ ಜೋಡಣೆ 0.759. ಪ್ರತಿಯೊಂದನ್ನೂ ಎರಡರಿಂದ ಭಾಗಿಸಿದ್ರೆ ಎಂಟೂ ಗ್ಯಾಮೀಟಿನ ಪಾಲು ಕೈಗೆ ಬಂತು, ಎಂಟನ್ನೂ ಕೂಡಿಸಿ ಸರಿಯಾಗಿ 1 ಬಂತಾ ಅಂತ ನೋಡಿ, ಬಂದಿಲ್ಲ ಅಂದ್ರೆ ಕಳೆಯೋದ್ರಲ್ಲೋ ಭಾಗಿಸೋದ್ರಲ್ಲೋ ಎಲ್ಲೋ ತಪ್ಪಿದೀರ.